ಕೆಲಸ ಮೊದಲು, ಕಾಗದ ಆಮೇಲೆ

ತಂತ್ರಜ್ಞಾನದ ಪದವಿಯಿಲ್ಲದೆ ತಂತ್ರಜ್ಞಾನದ ಕೆಲಸಕ್ಕೆ ಹೊರಟವರ ಬಳಗದ ಸ್ಥಾಪನಾ ಪ್ರಣಾಳಿಕೆ

ನಾವು ಯಾರು

ನಾವು ಬಿ.ಎ. ಓದಿದವರು, ಬಿ.ಕಾಂ. ಮುಗಿಸಿದವರು, ಡಿ.ಎಡ್. ಮಾಡಿ ಶಿಕ್ಷಕರ ನೇಮಕಾತಿಗೆ ವರ್ಷಗಟ್ಟಲೆ ಕಾದು ಬೇಸತ್ತವರು. ಪೀಣ್ಯದ ಶೆಡ್ಡುಗಳಲ್ಲಿ ಲೇಥ್ ಮುಂದೆ ನಿಂತವರು, ಆಡಿಟರ್ ಕಚೇರಿಯಲ್ಲಿ ಟ್ಯಾಲಿ ಕುಟ್ಟಿದವರು, ಕಾಲ್ ಸೆಂಟರಿನಲ್ಲಿ ರಾತ್ರಿ ಪಾಳಿ ಮಾಡಿದವರು. ಮದುವೆ, ಮಗು ಎಂದು ಕೆಲಸ ಬಿಟ್ಟು ಈಗ ಮತ್ತೆ ಹುಡುಕುತ್ತಿರುವವರೂ ನಮ್ಮಲ್ಲಿದ್ದಾರೆ. ಕೆಲವರು ಈಗಾಗಲೇ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತಿದ್ದಾರೆ, ಡೇಟಾಬೇಸ್ ನೋಡಿಕೊಳ್ಳುತ್ತಿದ್ದಾರೆ, ಪ್ರೋಗ್ರಾಂ ಬರೆಯುತ್ತಿದ್ದಾರೆ. ಹೆಚ್ಚಿನವರು ಇನ್ನೂ ದಾರಿಯಲ್ಲಿದ್ದಾರೆ. ಎಂಜಿನಿಯರಿಂಗ್ ಪದವಿ ಮಾತ್ರ ನಮ್ಮಲ್ಲಿ ಯಾರ ಬಳಿಯೂ ಇಲ್ಲ.

ನಮ್ಮೆಲ್ಲರಿಗೂ ಬಾಯಿಪಾಠವಾಗಿರುವ ಮೂರು ಸಾಲುಗಳಿವೆ: ‘ಬಿ.ಇ., ಬಿ.ಟೆಕ್., ಎಂ.ಸಿ.ಎ. ಮಾತ್ರ.’ ‘ಹತ್ತನೇ ತರಗತಿಯಿಂದ ಕೊನೆಯವರೆಗೆ ಶೇ. 60.’ ‘ಓದಿನ ನಡುವೆ ಗ್ಯಾಪ್ ಇರಬಾರದು.’ ಉದ್ಯೋಗದ ಜಾಹೀರಾತಿನ ಕೆಳಗೆ ಸಣ್ಣಕ್ಷರದಲ್ಲಿ ಕೂತಿರುವ ಈ ಸಾಲುಗಳು ನಮ್ಮ ಅರ್ಜಿಯನ್ನು ಒಬ್ಬ ಮನುಷ್ಯ ಓದುವ ಮೊದಲೇ ಪಕ್ಕಕ್ಕೆ ಸರಿಸುತ್ತವೆ. ಕೆಲಸ ಬರುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ಕೇಳಲಿ ಎಂಬುದೇ ಈ ಚಳವಳಿ.

ನಮಗೆ ರಿಯಾಯಿತಿ ಬೇಡ, ಕರುಣೆಯ ಕೋಟಾ ಬೇಡ. ಕೆಲಸ ಮಾಡಿಸಿ ನೋಡಿ. ಬಂದರೆ ತೆಗೆದುಕೊಳ್ಳಿ, ಬರದಿದ್ದರೆ ಏನು ಬರಲಿಲ್ಲವೆಂದು ಹೇಳಿ ಕಳಿಸಿ. ಪದವಿಯ ಪ್ರಶ್ನೆಯನ್ನು ಅದಾದ ಮೇಲೆ ಕೇಳಿ.

1. ದಾರಿ ಎಲ್ಲಿ ಮುಚ್ಚಿತು

ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಓದದವರಿಗೆ ನಮ್ಮ ರಾಜ್ಯದಲ್ಲಿ ಬಿ.ಇ. ಪ್ರವೇಶವಿಲ್ಲ. ಎಸ್ಸೆಸ್ಸೆಲ್ಸಿ ಆದಮೇಲೆ ಡಿಪ್ಲೊಮಾ ಹಿಡಿದು ಅಲ್ಲಿಂದ ಎರಡನೇ ವರ್ಷಕ್ಕೆ ಸೇರುವ ದಾರಿ ಇದೆ, ಅದು ಗೊತ್ತಿದ್ದವರಿಗೆ. ಉಳಿದವರ ಪಾಲಿಗೆ ಹದಿನಾರನೇ ವಯಸ್ಸಿನಲ್ಲಿ ಪಿಯು ಕಾಲೇಜಿನ ಅರ್ಜಿಯಲ್ಲಿ ಗುರುತು ಹಾಕಿದ ಒಂದು ಚೌಕವೇ ಮುಂದಿನ ನಲವತ್ತು ವರ್ಷದ ದುಡಿಮೆಯನ್ನು ತೀರ್ಮಾನಿಸಿಬಿಡುತ್ತದೆ.

ಆ ಚೌಕ ಹುಡುಗ ಹುಡುಗಿಯರ ಬುದ್ಧಿಯನ್ನು ಅಳೆದದ್ದಲ್ಲ. ಹೋಬಳಿಯ ಕಾಲೇಜಿನಲ್ಲಿ ವಿಜ್ಞಾನ ವಿಭಾಗವೇ ಇರಲಿಲ್ಲ. ತಾಲ್ಲೂಕು ಕೇಂದ್ರಕ್ಕೆ ಬಸ್ಸು ದಿನಕ್ಕೆರಡೇ ಬಾರಿ. ಹುಡುಗಿಯನ್ನು ಹಾಸ್ಟೆಲ್ಲಿಗೆ ಕಳಿಸಲು ಮನೆಯಲ್ಲಿ ಒಪ್ಪಲಿಲ್ಲ. ಸಿಇಟಿ ಟ್ಯೂಷನ್ನಿನ ಫೀಸು ಅಪ್ಪನ ವರ್ಷದ ಆದಾಯವನ್ನೇ ಕೇಳಿತು. ಹೀಗೆ ಊರು, ಜಾತಿ, ಮನೆಯ ಗಳಿಕೆ, ಹೆಣ್ಣೋ ಗಂಡೋ ಎಂಬುದು ಆಗಲೇ ಸೋಸಿ ಉಳಿಸಿದ್ದನ್ನು ಕಂಪನಿಗಳು ‘ಅರ್ಹತೆ’ ಎಂದು ಕರೆದು ಮತ್ತೊಮ್ಮೆ ಸೋಸುತ್ತಿವೆ.

ಒಂದು ಹುದ್ದೆಗೆ ಸಾವಿರಾರು ಅರ್ಜಿ ಬಂದಾಗ ಜರಡಿ ಬೇಕಾಗುತ್ತದೆ, ಅದು ನಮಗೂ ಅರ್ಥವಾಗುತ್ತದೆ. ನಮ್ಮ ತಕರಾರು ಇಷ್ಟೇ: ಈ ಜರಡಿಯನ್ನು ಆರಿಸಿದ್ದು ಅದು ಅಗ್ಗ ಎಂಬ ಕಾರಣಕ್ಕೆ. ಒಳ್ಳೆಯ ಕೆಲಸಗಾರರನ್ನು ಅದು ಹಿಡಿದುಕೊಡುತ್ತದೆ ಎಂದು ಯಾರೂ ಪರೀಕ್ಷಿಸಿ ನೋಡಿಲ್ಲ.

2. ಕಂಪನಿಗಳೇ ಕೊಟ್ಟ ಸಾಕ್ಷಿ

ಪದವಿಯಲ್ಲಿ ಕಲಿತದ್ದೇ ಕೆಲಸಕ್ಕೆ ಬೇಕಾದದ್ದು ಎನ್ನುವುದಾದರೆ, ಸಿವಿಲ್ ಎಂಜಿನಿಯರಿಗೆ ಸಾಫ್ಟ್‌ವೇರ್ ಕಂಪನಿಯಲ್ಲಿ ಏನು ಕೆಲಸ? ಕಾಂಕ್ರೀಟು, ಮಣ್ಣಿನ ಬಲ, ಬೀಮಿನ ಬಾಗು ಓದಿದವರು, ಥರ್ಮೋಡೈನಮಿಕ್ಸ್ ಓದಿದವರು ಪ್ರತಿವರ್ಷ ಕ್ಯಾಂಪಸ್ ಆಯ್ಕೆಯಲ್ಲಿ ಐಟಿ ಕಂಪನಿಗಳಿಗೆ ಸೇರುತ್ತಾರೆ. ಅವರನ್ನು ಕರೆತಂದು ತಿಂಗಳುಗಟ್ಟಲೆ ಪ್ರೋಗ್ರಾಮಿಂಗ್ ಹೇಳಿಕೊಡುತ್ತಾರೆ. ಮೈಸೂರಿನ ಇನ್ಫೋಸಿಸ್ ಆವರಣದಲ್ಲಿರುವ ಬೃಹತ್ ತರಬೇತಿ ಕೇಂದ್ರ ಕಟ್ಟಿರುವುದೇ ಇದಕ್ಕಾಗಿ. ಆ ಮಕ್ಕಳು ಕಲಿಯುತ್ತಾರೆ, ಕೆಲಸ ಮಾಡುತ್ತಾರೆ, ಟೀಮ್ ಲೀಡ್ ಆಗುತ್ತಾರೆ. ಅದನ್ನು ಕಂಡು ನಮಗೆ ಹೊಟ್ಟೆಕಿಚ್ಚಿಲ್ಲ, ಸಂತೋಷವೇ. ಅದರಿಂದ ನಾವು ತೆಗೆಯುವ ತೀರ್ಮಾನ ಒಂದೇ: ವಿಷಯ ಗೊತ್ತಿಲ್ಲದವರಿಗೆ ಕೆಲವು ತಿಂಗಳಲ್ಲಿ ವಿಷಯ ಕಲಿಸಬಹುದು ಎಂದು ಈ ಉದ್ಯಮ ತಾನೇ ದಶಕಗಳಿಂದ ತೋರಿಸಿಕೊಟ್ಟಿದೆ. ಬೀಮಿನಿಂದ ಜಾವಾಕ್ಕೆ ಬರಬಹುದಾದರೆ ಬ್ಯಾಲೆನ್ಸ್ ಶೀಟಿನಿಂದಲೂ ಬರಬಹುದು.

ಪದವಿಯ ಗೋಡೆ ದಾಟಿದ ಕಂಪನಿಗಳೂ ಇವೆ. ವಿಪ್ರೊ 1995ರಲ್ಲೇ ಬಿಟ್ಸ್ ಪಿಲಾನಿಯ ಜೊತೆಗೂಡಿ ಬಿ.ಎಸ್ಸಿ. ಮುಗಿಸಿದವರನ್ನು ಕೆಲಸಕ್ಕೆ ಸೇರಿಸಿಕೊಂಡು, ಕೆಲಸದ ಜೊತೆಗೇ ಸ್ನಾತಕೋತ್ತರ ಓದಿಸುವ ಕಾರ್ಯಕ್ರಮ ಆರಂಭಿಸಿತು. ಬಿ.ಸಿ.ಎ., ಬಿ.ಎಸ್ಸಿ. ಓದಿದವರಿಗೆ ಅಂಥ ದಾರಿ ಈಗಲೂ ಇದೆ. ತಮಿಳುನಾಡಿನ ಜೋಹೊ ತನ್ನದೇ ಶಾಲೆ ತೆರೆದು, ಹನ್ನೆರಡನೇ ತರಗತಿ ಮತ್ತು ಡಿಪ್ಲೊಮಾ ಮುಗಿಸಿದವರಿಗೆ ಸ್ಟೈಪೆಂಡ್ ಕೊಟ್ಟು ಕಲಿಸಿ ತನ್ನಲ್ಲೇ ಕೆಲಸ ಕೊಡುತ್ತಿದೆ. ಎಚ್‌ಸಿಎಲ್ ಕೂಡ ಹನ್ನೆರಡನೇ ತರಗತಿ ಮುಗಿಸಿದವರನ್ನು ತರಬೇತಿಗೆ ತೆಗೆದುಕೊಳ್ಳುತ್ತದೆ. ಇವುಗಳಲ್ಲಿ ಯಾವುದೂ ಧರ್ಮಕ್ಕೆ ನಡೆಯುತ್ತಿಲ್ಲ. ಲಾಭದ ಲೆಕ್ಕ ಹಾಕುವ ಸಂಸ್ಥೆಗಳು ಲೆಕ್ಕ ಹಾಕಿಯೇ ಈ ದಾರಿ ಹಿಡಿದಿವೆ.

ಕಾನೂನೂ ನಮಗೆ ಅಡ್ಡ ಬರುವುದಿಲ್ಲ. ಕರಿಕೋಟು ತೊಟ್ಟು ವಾದಿಸಲು 1961ರ ವಕೀಲರ ಕಾಯ್ದೆಯ ಪ್ರಕಾರ ಬಾರ್ ಕೌನ್ಸಿಲ್ಲಿನಲ್ಲಿ ಹೆಸರು ನೋಂದಾಯಿಸಬೇಕು. ವೈದ್ಯರಿಗೆ ವೈದ್ಯಕೀಯ ಪರಿಷತ್ತಿನ ನೋಂದಣಿ ಬೇಕು. ಪ್ರೋಗ್ರಾಂ ಬರೆಯಲು ಈ ದೇಶದಲ್ಲಿ ಅಂಥ ಯಾವ ನೋಂದಣಿಯೂ ಬೇಕಿಲ್ಲ. ಖಾಸಗಿ ಕೆಲಸಕ್ಕೆ ಗೋಡೆ ಇರುವುದು ಜಾಹೀರಾತಿನಲ್ಲಿ ಮಾತ್ರ.

3. ನಮಗಿಂತ ಮೊದಲು ನಡೆದವರು

ಈ ಪ್ರಣಾಳಿಕೆಯನ್ನು ಕಂಪ್ಯೂಟರಿನಲ್ಲಿ ಮೂಡಿಸಿದ ಕನ್ನಡ ಕೀಲಿಮಣೆಯ ಕಥೆಯನ್ನೇ ತೆಗೆದುಕೊಳ್ಳಿ. ಮೊದಲು ವ್ಯಂಜನ, ಆಮೇಲೆ ಸ್ವರ, ಒತ್ತಕ್ಷರಕ್ಕೆ ‘ಎಫ್’ ಕೀಲಿ: ಕನ್ನಡದ ಕಾಗುಣಿತವನ್ನು ಇಂಗ್ಲಿಷ್ ಕೀಲಿಗಳ ಮೇಲೆ ಇಷ್ಟು ಸಲೀಸಾಗಿ ಕೂರಿಸಿದವರು ಕಿನ್ನಿಕಂಬಳದ ಕೆ.ಪಿ. ರಾವ್. ಅಚ್ಚಿನ ಅಕ್ಷರ ಜೋಡಣೆಯ ಲೋಕದಲ್ಲಿ ದುಡಿದವರು ಅವರು. ಅವರು ಓದುತ್ತಿದ್ದ ಕಾಲಕ್ಕೆ ನಮ್ಮಲ್ಲಿ ಕಂಪ್ಯೂಟರ್ ಪದವಿ ಎಂಬುದೇ ಇರಲಿಲ್ಲ. ಲಿಪಿ ಗೊತ್ತಿತ್ತು, ಅಚ್ಚು ಗೊತ್ತಿತ್ತು, ಯಂತ್ರವನ್ನು ಕಲಿತುಕೊಂಡರು. ಅವರ ವಿನ್ಯಾಸವನ್ನೇ ಸರ್ಕಾರ ಪ್ರಮಾಣಿತವೆಂದು ಒಪ್ಪಿತು, ‘ನುಡಿ’ ತಂತ್ರಾಂಶದಲ್ಲಿ ಇರುವುದೂ ಅದೇ.

ಇನ್ನೊಂದು ಕಥೆ ಪ್ರತಿ ತಾಲ್ಲೂಕು ಕಚೇರಿಯಲ್ಲೂ ನಡೆದದ್ದು. ‘ಭೂಮಿ’ ಯೋಜನೆ ಬಂದಾಗ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಕಂಪ್ಯೂಟರಿಗೆ ಏರಿದವು. ತಂತ್ರಾಂಶ ಬರೆದದ್ದು ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರ, ಅಂದರೆ ಎನ್‌ಐಸಿ. ಆದರೆ ತಾಲ್ಲೂಕಿನ ಭೂಮಿ ಕೇಂದ್ರದಲ್ಲಿ ಕುಳಿತು, ಬೆರಳಚ್ಚು ಕೊಟ್ಟು ಲಾಗಿನ್ ಆಗಿ, ಪಹಣಿ ತೆಗೆದುಕೊಟ್ಟವರು ತರಬೇತಿ ಪಡೆದ ಗ್ರಾಮ ಲೆಕ್ಕಿಗರು. ಪಹಣಿಯ ಕಾಲಂ 9ರಲ್ಲಿ ಯಾರ ಹೆಸರಿರಬೇಕು, ಕಾಲಂ 11ರಲ್ಲಿ ಯಾವ ಸಾಲ ಕಾಣಬೇಕು, ಪೌತಿ ಖಾತೆ ಎಲ್ಲಿ ತೊಡಕಾಗುತ್ತದೆ ಎಂಬುದು ಅವರಿಗೆ ಮೊದಲೇ ಗೊತ್ತಿತ್ತು. ಅದು ಗೊತ್ತಿಲ್ಲದ ಪ್ರೋಗ್ರಾಮರ್ ಎಷ್ಟೇ ಚೆನ್ನಾಗಿ ಬರೆದರೂ ಪಹಣಿ ತಪ್ಪುತ್ತಿತ್ತು.

ಕಂಪ್ಯೂಟರ್ ಶಾಸ್ತ್ರವೇ ಹಾಗೆ ಬೆಳೆದದ್ದು. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯ ಆ ದೇಶದ ಮೊದಲ ಕಂಪ್ಯೂಟರ್ ಸೈನ್ಸ್ ವಿಭಾಗ ತೆರೆದದ್ದು 1962ರಲ್ಲಿ. ಅದಕ್ಕೂ ಮೊದಲು ಯಂತ್ರಗಳಿಗೆ ಪ್ರೋಗ್ರಾಂ ಬರೆದವರಲ್ಲಿ ಹೆಚ್ಚಿನವರು ಬೇರೆ ಕಡೆಯಿಂದ ಬಂದವರೇ. ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ಡೊರೊಥಿ ವಾನ್ ಮುಂದೆ ನಾಸಾದಲ್ಲಿ ಫೋರ್ಟ್ರಾನ್ ಭಾಷೆಯನ್ನು ತಾವೇ ಕಲಿತು, ತಮ್ಮ ಜೊತೆಯ ಹೆಂಗಸರಿಗೂ ಕಲಿಸಿದರು. ತಾನು ಕಲಿತದ್ದನ್ನು ಪಕ್ಕದವರಿಗೆ ದಾಟಿಸಿದ ಆ ನಡೆಯನ್ನು ನಮ್ಮ ಬಳಗದ ನಿಯಮವಾಗಿ ತೆಗೆದುಕೊಂಡಿದ್ದೇವೆ.

4. ಪದವಿಯನ್ನು ನಾವು ಹೀಗಳೆಯುವುದಿಲ್ಲ

ಕಾಲೇಜು ಬಿಟ್ಟು ಕೋಟ್ಯಧಿಪತಿಗಳಾದವರ ಕಥೆ ಹೇಳಿ ಹುಡುಗರನ್ನು ಹುರಿದುಂಬಿಸುವ ಕೆಲಸ ನಮ್ಮದಲ್ಲ. ಒಳ್ಳೆಯ ಕಾಲೇಜಿನ ನಾಲ್ಕು ವರ್ಷ ಗಣಿತದ ಬುನಾದಿ, ಗೆಳೆಯರ ಬಳಗ, ತಪ್ಪು ಮಾಡಲು ಬಿಡುವು ಕೊಡುತ್ತದೆ. ಅದು ಸಿಕ್ಕವರು ಬಿಡಬಾರದು.

ಪದವಿ ಇಲ್ಲದೆ ಆಗದ ಜಾಗಗಳನ್ನೂ ನಮ್ಮ ಬಳಿ ಬರುವವರಿಗೆ ಮೊದಲ ದಿನವೇ ಹೇಳುತ್ತೇವೆ. ಸರ್ಕಾರದ ತಾಂತ್ರಿಕ ಹುದ್ದೆಗಳಲ್ಲಿ ನೇಮಕಾತಿ ನಿಯಮ ಹೇಳಿದ ವಿದ್ಯಾರ್ಹತೆ ಇರಲೇಬೇಕು. ಸಂಶೋಧನೆಗೆ ಪದವಿ ಬೇಕು. ಅಮೆರಿಕದ ಎಚ್-1ಬಿ ವೀಸಾಕ್ಕೆ ಸಂಬಂಧಪಟ್ಟ ಪದವಿ ಅಥವಾ ಅದಕ್ಕೆ ಸಮನಾದದ್ದನ್ನು ತೋರಿಸಬೇಕು. ಅಲ್ಲಿ ಕೊರತೆ ಬೀಳುವ ಒಂದೊಂದು ವರ್ಷದ ಓದಿಗೆ ಮೂರು ಮೂರು ವರ್ಷದ ಅನುಭವವನ್ನು ಲೆಕ್ಕ ಹಿಡಿಯುತ್ತಾರೆ. ವಿದೇಶದ ಕನಸಿರುವವರು ಈ ಲೆಕ್ಕವನ್ನು ಮೊದಲೇ ಹಾಕಿಕೊಳ್ಳಬೇಕು.

ಪದವಿಯನ್ನು ಆಮೇಲೆ ಪಡೆಯಲೂ ದಾರಿಗಳಿವೆ. ಇಗ್ನೊದ ಬಿ.ಸಿ.ಎ. ಇದೆ. 2020ರಲ್ಲಿ ಐಐಟಿ ಮದ್ರಾಸ್ ಆರಂಭಿಸಿದ ಆನ್‌ಲೈನ್ ಪದವಿಗೆ ಜೆಇಇ ಬೇಕಿಲ್ಲ. ಅವರೇ ಕೆಲವು ವಾರ ಪಾಠ ಹೇಳಿ, ಅದರ ಮೇಲೆ ಅರ್ಹತಾ ಪರೀಕ್ಷೆ ಇಟ್ಟು, ಪಾಸಾದವರನ್ನು ಸೇರಿಸಿಕೊಳ್ಳುತ್ತಾರೆ. ಪಿಯುಸಿಯಲ್ಲಿ ಕಲಾ ವಿಭಾಗ ಓದಿದವರೂ ಹತ್ತನೇ ತರಗತಿಯಲ್ಲಿ ಗಣಿತ, ಇಂಗ್ಲಿಷ್ ಓದಿದ್ದರೆ ಪ್ರಯತ್ನಿಸಬಹುದು. ಕಲಿಸಿ ಆಮೇಲೆ ಪರೀಕ್ಷಿಸುವ ಈ ಕ್ರಮವನ್ನೇ ನಾವು ಕಂಪನಿಗಳಿಂದಲೂ ಕೇಳುತ್ತಿರುವುದು.

5. ನಮಗೆ ನಾವೇ ಹಾಕಿಕೊಂಡ ಕಟ್ಟುಪಾಡು

ಬೇರೆಯವರಿಂದ ಏನನ್ನಾದರೂ ಕೇಳುವ ಮೊದಲು ನಾವು ಒಪ್ಪಿಕೊಳ್ಳಬೇಕಾದ ಶಿಸ್ತು ಇದೆ. ಈ ಏಳು ಮಾತಿಗೆ ಒಪ್ಪದವರು ಬಳಗದ ಸದಸ್ಯರಾಗಲಾರರು.

ಒಂದು: ಸುಳ್ಳು ಅನುಭವ ಪತ್ರ ಕೊಳ್ಳುವುದಿಲ್ಲ. ಬೆಂಗಳೂರಿನಲ್ಲಿ ಇದೊಂದು ವ್ಯಾಪಾರವಾಗಿ ನಡೆಯುತ್ತಿರುವುದು ಎಲ್ಲರಿಗೂ ಗೊತ್ತು. ಮೂರು ವರ್ಷದ ‘ಎಕ್ಸ್‌ಪೀರಿಯನ್ಸ್’ಗೆ ಇಷ್ಟು, ಸಂಬಳದ ಚೀಟಿಗೆ ಇಷ್ಟು, ‘ಬ್ಯಾಕ್‌ಡೋರ್’ ಪ್ರವೇಶಕ್ಕೆ ಇಷ್ಟು. ಪಿಎಫ್‌ನ ಯುಎಎನ್ ದಾಖಲೆ ತೆಗೆದು ನೋಡಿದರೆ ಬಣ್ಣ ಬಯಲು. ಸಿಕ್ಕಿಬಿದ್ದವನ ಕೆಲಸ ಹೋಗುವುದಷ್ಟೇ ಅಲ್ಲ, ಅವನ ನಂತರ ಬರುವ ಪದವಿಯಿಲ್ಲದ ಪ್ರತಿಯೊಬ್ಬರನ್ನೂ ಆ ಕಂಪನಿ ಅನುಮಾನದಿಂದ ನೋಡುತ್ತದೆ. ನಾವು ಫ್ರೆಷರ್ ಆಗಿದ್ದರೆ ಫ್ರೆಷರ್ ಎಂದೇ ಬರೆಯುತ್ತೇವೆ.

ಎರಡು: ಬುನಾದಿ ಬಿಟ್ಟು ಮೇಲೆ ಕಟ್ಟುವುದಿಲ್ಲ. ವಿಡಿಯೊ ನೋಡಿಕೊಂಡು ಹೊಸ ಫ್ರೇಮ್‌ವರ್ಕ್‌ನಲ್ಲಿ ಒಂದು ಆ್ಯಪ್ ಎಬ್ಬಿಸುವುದು ಸುಲಭ. ಅದು ಮುರಿದಾಗ ಎಲ್ಲಿ ಮುರಿಯಿತೆಂದು ಹುಡುಕಲು ಬೇರೆಯೇ ತಿಳಿವಳಿಕೆ ಬೇಕು. ಆದ್ದರಿಂದ ನಮ್ಮ ಕಲಿಕೆಯ ಕ್ರಮ ಹೀಗಿದೆ: ಲಿನಕ್ಸ್‌ನ ಕಮಾಂಡ್ ಲೈನ್, ಗಿಟ್, ಎಸ್‌ಕ್ಯೂಎಲ್, ಪೈಥಾನ್‌ನಂಥ ಒಂದು ಭಾಷೆ. ಜೊತೆಜೊತೆಗೆ ಡೇಟಾ ಸ್ಟ್ರಕ್ಚರ್, ನೆಟ್‌ವರ್ಕ್ ಮತ್ತು ಆಪರೇಟಿಂಗ್ ಸಿಸ್ಟಂನ ಮೊದಲ ಪಾಠಗಳು. ಲಿನಕ್ಸ್, ಪೈಥಾನ್, ಗಿಟ್ ಎಲ್ಲವೂ ಉಚಿತವಾಗಿ ಸಿಗುವ, ಮುಕ್ತ ಆಕರದ ಸಲಕರಣೆಗಳು. ಕಂಪನಿಗಳಲ್ಲಿ ಬಳಸುವುದೂ ಇವನ್ನೇ. ಹಳೆಯ ಲ್ಯಾಪ್‌ಟಾಪ್ ಒಂದಿದ್ದರೆ ದೊಡ್ಡ ಕಂಪನಿಯ ಎಂಜಿನಿಯರ್ ಬಳಸುವ ಸಾಧನವೇ ನಮ್ಮ ಕೈಯಲ್ಲೂ ಇದ್ದಂತೆ.

ಮೂರು: ಯಾರಾದರೂ ನಿಜವಾಗಿ ಬಳಸುವಂಥದ್ದನ್ನು ಕಟ್ಟಿ ತೋರಿಸುತ್ತೇವೆ. ಸಾವಿರ ಜನ ನಕಲು ಮಾಡಿದ ಅದೇ ‘ಟು-ಡು ಲಿಸ್ಟ್’ ನಮ್ಮ ರೆಸ್ಯೂಮೆಯಲ್ಲಿ ಇರುವುದಿಲ್ಲ. ಊರಿನ ಹಾಲು ಉತ್ಪಾದಕರ ಸಂಘದಲ್ಲಿ ಬೆಳಿಗ್ಗೆ ಸಂಜೆ ಲೀಟರು, ಫ್ಯಾಟು, ಎಸ್‌ಎನ್‌ಎಫ್ ಬರೆದು ವಾರದ ಬಟವಾಡೆ ಲೆಕ್ಕ ಹಾಕುತ್ತಾರೆ. ಸ್ತ್ರೀಶಕ್ತಿ ಸಂಘದಲ್ಲಿ ಉಳಿತಾಯ, ಒಳಸಾಲ, ಬಡ್ಡಿಯ ಪುಸ್ತಕವಿದೆ. ಹಾಸ್ಟೆಲ್ ಮೆಸ್ಸಿನಲ್ಲಿ ತಿಂಗಳ ಕೊನೆಗೆ ತಲೆಗೆಷ್ಟು ಎಂಬ ಜಗಳವಿದೆ. ಇವುಗಳಲ್ಲಿ ಒಂದನ್ನು ಹಿಡಿದು ಪ್ರೋಗ್ರಾಂ ಬರೆದು ಆರು ತಿಂಗಳು ನಡೆಸಿದವರಿಗೆ ನಿಜವಾದ ಬಳಕೆದಾರರು ಸಿಗುತ್ತಾರೆ, ಅವರ ಬೈಗುಳವೂ ಸಿಗುತ್ತದೆ. ಡೇಟಾ ತಪ್ಪಿದರೆ ಏನಾಗುತ್ತದೆ, ಕರೆಂಟು ಹೋದರೆ ಏನಾಗುತ್ತದೆ, ಕಾರ್ಯದರ್ಶಿ ಬದಲಾದರೆ ಏನಾಗುತ್ತದೆ ಎಂಬುದು ಅಲ್ಲಿ ತಿಳಿಯುತ್ತದೆ. ಸಂದರ್ಶನದಲ್ಲಿ ಹೇಳಲು ಇದಕ್ಕಿಂತ ಒಳ್ಳೆಯ ಕಥೆ ಇಲ್ಲ.

ನಾಲ್ಕು: ನಾವು ಕೊಟ್ಟ ಪ್ರತಿ ಸಾಲನ್ನೂ ವಿವರಿಸಬಲ್ಲೆವು. ಈಗ ಎಐ ಕೇಳಿದ್ದನ್ನು ಕ್ಷಣದಲ್ಲಿ ಬರೆದುಕೊಡುತ್ತದೆ. ಅದನ್ನು ಬಳಸುವುದು ತಪ್ಪಲ್ಲ, ಬಳಸಿಯೇ ಬಳಸುತ್ತೇವೆ. ಆದರೆ ಅದು ಬರೆದದ್ದು ಯಾಕೆ ಸರಿ, ಎಲ್ಲಿ ತಪ್ಪಬಹುದು ಎಂದು ಹೇಳಲಾಗದಿದ್ದರೆ ಅದು ನಮ್ಮ ಕೆಲಸವಲ್ಲ. ನಕಲು ಮಾಡಿ ಅಂಟಿಸುವ ಆರಂಭದ ಕೆಲಸಗಳು ಇನ್ನು ಕಡಿಮೆಯಾಗುತ್ತವೆ ಎಂಬುದನ್ನು ನಾವು ಯಾರಿಂದಲೂ ಮುಚ್ಚಿಡುವುದಿಲ್ಲ. ತಪ್ಪು ಹಿಡಿಯಬಲ್ಲವರಿಗೆ, ಕೆಲಸದ ಒಳಹೊರಗು ಬಲ್ಲವರಿಗೆ ಜಾಗ ಉಳಿಯುತ್ತದೆ. ನಮ್ಮ ತಯಾರಿ ಆ ಜಾಗಕ್ಕಾಗಿ.

ಐದು: ಹಿಂದೆ ಮಾಡಿದ ಕೆಲಸವನ್ನು ರೆಸ್ಯೂಮೆಯಿಂದ ಅಳಿಸುವುದಿಲ್ಲ. ಜಿಎಸ್‌ಟಿ ರಿಟರ್ನ್ ಸಲ್ಲಿಸಿದವಳಿಗೆ ಲೆಕ್ಕಪತ್ರದ ಸಾಫ್ಟ್‌ವೇರ್ ಎಲ್ಲಿ ಎಡವುತ್ತದೆಂದು ಗೊತ್ತು. ಆಸ್ಪತ್ರೆಯ ಲ್ಯಾಬಿನಲ್ಲಿ ದುಡಿದವನಿಗೆ ಒಬ್ಬರ ರಿಪೋರ್ಟು ಇನ್ನೊಬ್ಬರ ಹೆಸರಿಗೆ ಹೋದರೆ ಏನಾಗುತ್ತದೆಂದು ಗೊತ್ತು. ಸಿಎನ್‌ಸಿ ಯಂತ್ರ ನಡೆಸಿದವನು ಜಿ-ಕೋಡ್ ಬರೆಯುವಾಗಲೇ ಪ್ರೋಗ್ರಾಮರ್ ಆಗಿದ್ದ. ಕನ್ನಡ ಎಂ.ಎ. ಮಾಡಿದವಳು ಯಂತ್ರಾನುವಾದದ ತಪ್ಪನ್ನು ಕಣ್ಣು ಹಾಯಿಸಿದಷ್ಟರಲ್ಲಿ ಹಿಡಿಯುತ್ತಾಳೆ. ತಾಂತ್ರಿಕ ಕೆಲಸವೆಂದರೆ ಕೋಡಿಂಗ್ ಒಂದೇ ಅಲ್ಲ. ಟೆಸ್ಟಿಂಗ್, ಸಪೋರ್ಟ್, ಸಿಸ್ಟಂ ನಿರ್ವಹಣೆ, ಡೇಟಾ ವಿಶ್ಲೇಷಣೆ, ತಾಂತ್ರಿಕ ಬರವಣಿಗೆ, ಇಆರ್‌ಪಿ, ಇವೆಲ್ಲಕ್ಕೂ ಹಳೆಯ ಅನುಭವದ ಕಡೆಯಿಂದಲೇ ಒಳಗೆ ಹೋಗಬಹುದು.

ಆರು: ಕನ್ನಡದಲ್ಲಿ ಕಲಿಯುತ್ತೇವೆ, ಇಂಗ್ಲಿಷಿನಲ್ಲಿ ಓದುವುದನ್ನು ರೂಢಿಸಿಕೊಳ್ಳುತ್ತೇವೆ. ಕನ್ನಡ ಮಾಧ್ಯಮದಲ್ಲಿ ಓದಿದವರನ್ನು ಹಿಂದಕ್ಕೆ ಹಿಡಿಯುವುದು ಗಣಿತಕ್ಕಿಂತ ಹೆಚ್ಚಾಗಿ ಇಂಗ್ಲಿಷಿನ ಅಂಜಿಕೆ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯಲ್ಲಿ ಲಿನಕ್ಸ್‌ನಂಥ ವಿಷಯಗಳ ಪಾಠಗಳು ಕನ್ನಡದ ಧ್ವನಿಯಲ್ಲಿ ಉಚಿತವಾಗಿ ಸಿಗುತ್ತವೆ. 2003ರಲ್ಲಿ ಐಐಟಿಗಳು ಮತ್ತು ಐಐಎಸ್ಸಿ ಸೇರಿ ಆರಂಭಿಸಿದ ಎನ್‌ಪಿಟಿಇಎಲ್‌ನಲ್ಲಿ ಅಲ್ಲಿನ ಪ್ರಾಧ್ಯಾಪಕರ ಪಾಠಗಳೇ ಇವೆ. ಮೊದಲ ಹೆಜ್ಜೆ ಕನ್ನಡದಲ್ಲಿಡೋಣ. ಎರರ್ ಮೆಸೇಜು ಮಾತ್ರ ಇಂಗ್ಲಿಷಿನಲ್ಲೇ ಬರುತ್ತದೆ, ಅದನ್ನು ಮುಚ್ಚದೆ ಕೊನೆಯ ಪದದವರೆಗೂ ಓದುವ ಅಭ್ಯಾಸ ಬೇಕು.

ಏಳು: ಮನೆಯನ್ನು ಪಣಕ್ಕಿಡುವುದಿಲ್ಲ. ಕೋರ್ಸಿಗಾಗಿ ಒಡವೆ ಅಡವಿಡುವುದಿಲ್ಲ, ಕೈಸಾಲ ಮಾಡುವುದಿಲ್ಲ. ಇರುವ ಕೆಲಸ ಬಿಡುವ ಮೊದಲು ಮುಂದಿನದು ಕೈಗೆ ಬಂದಿರಬೇಕು. ಮೂರು ತಿಂಗಳಲ್ಲಿ ಕೆಲಸ ಎಂದು ನಾವು ಯಾರಿಗೂ ಹೇಳುವುದಿಲ್ಲ. ದುಡಿಯುತ್ತಲೇ ದಿನಕ್ಕೆರಡು ಗಂಟೆ ಕಲಿಯುವವರು ವರ್ಷ, ಒಂದೂವರೆ ವರ್ಷದ ಲೆಕ್ಕ ಇಟ್ಟುಕೊಳ್ಳಬೇಕು. ಮೊದಲ ಸಂಬಳ ಈಗಿನದಕ್ಕಿಂತ ಕಡಿಮೆ ಇರಲೂಬಹುದು. ಇದನ್ನು ಮನೆಯವರ ಮುಂದೆ ಮೊದಲೇ ಕೂತು ಮಾತಾಡಬೇಕು.

6. ಕಂಪನಿಗಳಿಂದ ನಾವು ಕೇಳುವುದು

ಜಾಹೀರಾತಿನಲ್ಲಿ ಯಾವ ಪದವಿ ಬೇಕು ಎನ್ನುವ ಬದಲು ಯಾವ ಕೆಲಸ ಬರಬೇಕು ಎಂದು ಬರೆಯಿರಿ. ‘ಎಲ್ಲ ಹಂತದಲ್ಲೂ ಶೇ. 60’ ಎಂಬ ಷರತ್ತನ್ನು ತೆಗೆಯಿರಿ. ಹತ್ತನೇ ತರಗತಿಯ ಸಮಾಜ ವಿಜ್ಞಾನದ ಅಂಕದಿಂದ ಮೂವತ್ತು ವರ್ಷದ ಹೆಂಗಸಿನ ಎಸ್‌ಕ್ಯೂಎಲ್ ಗೊತ್ತಾಗುವುದಿಲ್ಲ. ಓದಿನ ನಡುವಿನ ಗ್ಯಾಪನ್ನು ಅಪರಾಧವೆಂದು ನೋಡಬೇಡಿ. ಆ ವರ್ಷಗಳಲ್ಲಿ ನಮ್ಮವರು ಅಪ್ಪನ ಡಯಾಲಿಸಿಸ್ಸಿಗೆ ಓಡಾಡಿದ್ದಾರೆ, ಮಗು ಸಾಕಿದ್ದಾರೆ, ತಂಗಿಯ ಫೀಸು ದುಡಿದಿದ್ದಾರೆ.

ಪರೀಕ್ಷೆ ಕೆಲಸದ್ದೇ ಇರಲಿ. ಲಿನಕ್ಸ್ ಆಡಳಿತದ ಆರ್‌ಎಚ್‌ಸಿಎಸ್‌ಎ ಪರೀಕ್ಷೆ ಹೀಗೆಯೇ ನಡೆಯುತ್ತದೆ. ಬಹು ಆಯ್ಕೆಯ ಪ್ರಶ್ನೆಗಳಿಲ್ಲ, ಯಂತ್ರ ಕೊಟ್ಟು ಇಷ್ಟು ಕೆಲಸ ಮಾಡಿ ಎನ್ನುತ್ತಾರೆ. ಟೆಸ್ಟಿಂಗ್ ಹುದ್ದೆಗೆ ಬಗ್ ಇರುವ ಒಂದು ಪುಟ ಕೊಟ್ಟು ಹುಡುಕಿಸಿ. ಸಪೋರ್ಟ್ ಹುದ್ದೆಗೆ ಸಿಟ್ಟಾದ ಗ್ರಾಹಕರ ಒಂದು ಮೇಲ್ ಕೊಟ್ಟು ಉತ್ತರ ಬರೆಸಿ. ಆದರೆ ಮನೆಗೆ ಕೊಡುವ ಪರೀಕ್ಷೆ ಮೂರು ಗಂಟೆ ಮೀರಬಾರದು. ಮೀರಿದರೆ ಅದಕ್ಕೆ ಕೂಲಿ ಕೊಡಬೇಕು. ಪರೀಕ್ಷೆಯ ಹೆಸರಿನಲ್ಲಿ ಕಂಪನಿಯ ಕೆಲಸವನ್ನು ಬಿಟ್ಟಿ ಮಾಡಿಸಿಕೊಳ್ಳುವುದು ನಿಲ್ಲಬೇಕು.

ತರಬೇತಿಯ ಬಾಂಡಿನ ಹೆಸರಿನಲ್ಲಿ ಮೂಲ ಅಂಕಪಟ್ಟಿ ಇಟ್ಟುಕೊಳ್ಳಬೇಡಿ. ಅದಿಲ್ಲದೆ ಮನುಷ್ಯ ಬೇರೆ ಎಲ್ಲಿಗೂ ಹೋಗಲಾರ ಎಂಬುದು ಗೊತ್ತಿದ್ದೇ ಇಟ್ಟುಕೊಳ್ಳುತ್ತಾರೆ.

ಅಪ್ರೆಂಟಿಸ್ ಕಾಯ್ದೆಯನ್ನು ನಿಜವಾಗಿ ಬಳಸಿ. 1961ರ ಈ ಕಾಯ್ದೆಗೆ 2014ರಲ್ಲಿ ತಿದ್ದುಪಡಿಯಾಗಿ ಎಂಜಿನಿಯರಿಂಗ್ ಅಲ್ಲದ ಪದವೀಧರರೂ ಅಪ್ರೆಂಟಿಸ್‌ಗಳಾಗಬಹುದು. 2019ರ ನಿಯಮದ ಪ್ರಕಾರ 30 ಅಥವಾ ಅದಕ್ಕೂ ಹೆಚ್ಚು ಜನ ದುಡಿಯುವ ಸಂಸ್ಥೆ ತನ್ನ ಸಿಬ್ಬಂದಿಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಬೇಕು. ಅಂದರೆ ಬಿ.ಎ., ಬಿ.ಕಾಂ. ಓದಿದವರನ್ನು ವರ್ಷ ಕೆಲಸ ಮಾಡಿಸಿ ನೋಡಿ, ಆಮೇಲೆ ತೀರ್ಮಾನಿಸುವ ದಾರಿಯನ್ನು ಕಾನೂನೇ ತೆರೆದಿಟ್ಟಿದೆ. ಈ ಸಂಖ್ಯೆಯನ್ನು ಕಾಫಿ ತರಿಸಲು, ಫೈಲು ಹೊರಿಸಲು ತುಂಬಿಸಬೇಡಿ. ಟೀಮಿನೊಳಗೆ ಕೂರಿಸಿ.

ಒಳಗೆ ಬಂದಮೇಲೆ ಸಮಾನವಾಗಿ ನಡೆಸಿಕೊಳ್ಳಿ. ಒಂದೇ ಕೆಲಸಕ್ಕೆ ಒಂದೇ ಸಂಬಳ. ಬಡ್ತಿಯ ಹೊತ್ತಿನಲ್ಲಿ ಮತ್ತೆ ಪದವಿಯನ್ನು ಕೆದಕಬೇಡಿ.

7. ಸರ್ಕಾರದಿಂದ, ಕಾಲೇಜುಗಳಿಂದ, ಕೋಚಿಂಗ್ ಕೇಂದ್ರಗಳಿಂದ

ಸರ್ಕಾರಕ್ಕೆ: 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಚಾಲನೆ ಪಡೆದ ಯುವನಿಧಿ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ ₹3,000, ಡಿಪ್ಲೊಮಾ ಮಾಡಿದವರಿಗೆ ₹1,500 ಗರಿಷ್ಠ ಎರಡು ವರ್ಷ ಕೊಡುತ್ತದೆ. ಒಳ್ಳೆಯದೇ. ಆ ಎರಡು ವರ್ಷವನ್ನು ಅಪ್ರೆಂಟಿಸ್ ತರಬೇತಿಗೆ ಜೋಡಿಸಿ. ರಾಜ್ಯದಲ್ಲಿ ನಾನೂರಕ್ಕೂ ಹೆಚ್ಚು ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಅಲ್ಲಿನ ಕಂಪ್ಯೂಟರ್ ಲ್ಯಾಬುಗಳನ್ನು ಸಂಜೆ ಮತ್ತು ಭಾನುವಾರ ಊರಿನ ದುಡಿಯುವ ಜನಕ್ಕೆ ತೆರೆಯಿರಿ. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಿಗೆ ‘ಅರಿವು ಕೇಂದ್ರ’ ಎಂಬ ಹೊಸ ಹೆಸರು ಬಂದಿದೆ. ಆ ಹೆಸರಿಗೆ ತಕ್ಕಂತೆ ಅಲ್ಲೊಂದು ಕಲಿಕಾ ಗುಂಪು ಕೂರಲು ಜಾಗ ಕೊಡಿ.

ಕಾಲೇಜುಗಳಿಗೆ: ಬಿ.ಎ., ಬಿ.ಕಾಂ. ಮಕ್ಕಳಿಗೆ ಕಂಪ್ಯೂಟರ್ ಎಂದರೆ ಎಂಎಸ್ ಆಫೀಸ್ ಎಂಬ ಕಾಲ ಮುಗಿಯಲಿ. ಅರ್ಥಶಾಸ್ತ್ರದ ವಿದ್ಯಾರ್ಥಿನಿ ತನ್ನ ತಾಲ್ಲೂಕಿನ ಮಳೆಯ ಅಂಕಿಅಂಶವನ್ನು ಪೈಥಾನ್‌ನಲ್ಲಿ ಬಿಡಿಸಿ ನೋಡಲಿ.

ಕೋಚಿಂಗ್ ಕೇಂದ್ರಗಳಿಗೆ: ‘ಶೇ. 100 ಪ್ಲೇಸ್‌ಮೆಂಟ್’ ಎಂಬ ಬೋರ್ಡು ಇಳಿಸಿ. ಕಳೆದ ವರ್ಷ ಎಷ್ಟು ಜನ ಸೇರಿದರು, ಎಷ್ಟು ಜನ ಮುಗಿಸಿದರು, ಎಷ್ಟು ಜನಕ್ಕೆ ಯಾವ ಹುದ್ದೆ ಎಷ್ಟು ಸಂಬಳಕ್ಕೆ ಸಿಕ್ಕಿತು ಎಂದು ಬರೆದು ಹಾಕಿ. ಡೆಮೊ ಕ್ಲಾಸಿನ ದಿನವೇ ಪೂರ್ತಿ ಫೀಸು ಕಟ್ಟಿಸಬೇಡಿ. ಬಿಟ್ಟುಹೋಗುವವರಿಗೆ ಉಳಿದ ಹಣ ವಾಪಸು ಕೊಡಿ. ಪ್ರಾಮಾಣಿಕವಾಗಿ ಕಲಿಸುವ ಕೇಂದ್ರಗಳಿವೆ, ಅವುಗಳಿಗೆ ಇದರಿಂದ ನಷ್ಟವೇನೂ ಇಲ್ಲ.

ಪದವಿ ಇರುವ ಎಂಜಿನಿಯರ್ ಗೆಳೆಯರಿಗೆ: ನಿಮ್ಮ ಜೊತೆ ನಮಗೆ ಪೈಪೋಟಿ ಇಲ್ಲ. ತಿಂಗಳಿಗೆ ಒಂದು ಗಂಟೆ ಕೊಡಿ. ನಮ್ಮವರೊಬ್ಬರ ಕೋಡ್ ಓದಿ, ಎಲ್ಲಿ ಸರಿಯಿಲ್ಲವೋ ಹೇಳಿ. ನಾವು ದುಡ್ಡು ಕೊಟ್ಟರೂ ಸಿಗದ ಪಾಠ ಅದು.

8. ಮೊದಲ ವರ್ಷದ ಕೆಲಸ

ಪ್ರತಿ ಜಿಲ್ಲೆಯಲ್ಲಿ ಎಂಟು ಹತ್ತು ಜನರ ಭಾನುವಾರದ ಗುಂಪುಗಳು. ಗುಂಪು ಕೂರುವುದು ಗ್ರಂಥಾಲಯ, ಶಾಲೆ, ಸಮುದಾಯ ಭವನ, ಎಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಇದೆಯೋ ಅಲ್ಲಿ. ಹೆಣ್ಣುಮಕ್ಕಳು ಕತ್ತಲಾಗುವ ಮೊದಲು ಮನೆ ಸೇರುವಂತೆ ವೇಳೆ. ಮಗುವನ್ನು ಕರೆತರುವವರಿಗೆ ಅಡ್ಡಿಯಿಲ್ಲ.

ಪ್ರತಿ ಗುಂಪೂ ಆ ವರ್ಷ ಊರಿನ ಒಂದು ಸಂಘಕ್ಕೆ ಒಂದು ಉಪಯೋಗದ ಪ್ರೋಗ್ರಾಂ ಕಟ್ಟಿಕೊಡುತ್ತದೆ. ಅದರ ಕೋಡ್ ಎಲ್ಲರಿಗೂ ಮುಕ್ತ. ಸಂಘದ ಸದಸ್ಯರ ಹೆಸರು, ಸಾಲ, ಫೋನ್ ನಂಬರು ಮಾತ್ರ ಆ ಸಂಘದಾಚೆ ಹೋಗಬಾರದು. ಡೇಟಾದ ಗುಟ್ಟು ಕಾಯುವುದು ನಮ್ಮ ಪಠ್ಯದ ಮೊದಲ ಪಾಠ.

ಕಲಿತ ಪ್ರತಿ ವಿಷಯದ ಮೇಲೆ ಕನ್ನಡದಲ್ಲಿ ಎರಡು ಪುಟದ ಟಿಪ್ಪಣಿ ಬರೆದು ಎಲ್ಲರಿಗೂ ಹಂಚಬೇಕು. ಕಲಿತವರು ಬರೆದ ಟಿಪ್ಪಣಿಯಲ್ಲಿ ಕಲಿಯುವವರು ಎಲ್ಲಿ ಎಡವುತ್ತಾರೆ ಎಂಬುದೂ ಇರುತ್ತದೆ.

ತಿಂಗಳಿಗೊಮ್ಮೆ ಅಣಕು ಸಂದರ್ಶನ. ಎದುರು ಕೂರುವವರು ಈಗಾಗಲೇ ಕೆಲಸದಲ್ಲಿರುವ ಸದಸ್ಯರು. ‘ನೀವು ಎಂಜಿನಿಯರಿಂಗ್ ಯಾಕೆ ಮಾಡಲಿಲ್ಲ?’ ಎಂಬ ಪ್ರಶ್ನೆಗೆ ತಲೆ ತಗ್ಗಿಸದೆ, ಎರಡೇ ವಾಕ್ಯದಲ್ಲಿ ಉತ್ತರ ಕೊಟ್ಟು, ಮಾತನ್ನು ಮಾಡಿದ ಕೆಲಸದ ಕಡೆಗೆ ತಿರುಗಿಸುವುದನ್ನು ಅಲ್ಲಿ ಅಭ್ಯಾಸ ಮಾಡುತ್ತೇವೆ.

ವರ್ಷದ ಕೊನೆಗೆ ಲೆಕ್ಕ ಒಪ್ಪಿಸುತ್ತೇವೆ: ಎಷ್ಟು ಜನ ಬಂದರು, ಎಷ್ಟು ಜನ ಬಿಟ್ಟರು, ಯಾಕೆ ಬಿಟ್ಟರು, ಎಷ್ಟು ಜನಕ್ಕೆ ಕೆಲಸವಾಯಿತು. ಬಿಟ್ಟವರ ಸಂಖ್ಯೆಯನ್ನು ಮುಚ್ಚಿಟ್ಟರೆ ನಾವು ಬೈದ ಬೋರ್ಡುಗಳ ಸಾಲಿಗೇ ಸೇರುತ್ತೇವೆ.

9. ಸೇರುವುದು ಹೇಗೆ

ಸದಸ್ಯತ್ವಕ್ಕೆ ಶುಲ್ಕವಿಲ್ಲ. ಬಳಗದ ಹೆಸರಿನಲ್ಲಿ ಯಾರಾದರೂ ಹಣ ಕೇಳಿದರೆ ಅವರು ನಮ್ಮವರಲ್ಲ. ವಯಸ್ಸಿನ ಮಿತಿಯಿಲ್ಲ, ಓದಿನ ಮಿತಿಯಿಲ್ಲ. ಐದನೇ ಭಾಗದ ಏಳು ಮಾತಿಗೆ ಸಹಿ ಹಾಕಬೇಕು. ಕೆಲಸ ಸಿಕ್ಕ ಮೇಲೆ ಒಂದು ವರ್ಷದೊಳಗೆ ಹೊಸಬರೊಬ್ಬರ ಕೈಹಿಡಿದು ಅದೇ ಜಾಗಕ್ಕೆ ತರಲು ದುಡಿಯಬೇಕು. ಬಳಗಕ್ಕೆ ಕಟ್ಟಬೇಕಾದ ಚಂದಾ ಅಷ್ಟೇ.

ನಿಮ್ಮೂರಿನಲ್ಲಿ ಗುಂಪು ಇಲ್ಲದಿದ್ದರೆ ಇನ್ನಿಬ್ಬರನ್ನು ಹುಡುಕಿ ಒಂದನ್ನು ಶುರು ಮಾಡಿ. ಆರಂಭಕ್ಕೆ ಮೂವರು ಸಾಕು. ಮೊದಲ ಭಾನುವಾರ ಬರುವಾಗ ಮಾರ್ಕ್ಸ್ ಕಾರ್ಡ್ ತರಬೇಡಿ, ನೀವು ಮಾಡಿದ ಒಂದು ಕೆಲಸ ತನ್ನಿ: ಎಕ್ಸೆಲ್ ಹಾಳೆಯಾದರೂ ಸರಿ, ರಿಪೇರಿ ಮಾಡಿದ ಮಿಕ್ಸಿಯಾದರೂ ಸರಿ. ಏನೂ ಇಲ್ಲದಿದ್ದರೆ, ಮಾಡಬೇಕೆಂದಿರುವುದನ್ನು ಒಂದು ಚೀಟಿಯಲ್ಲಿ ಬರೆದು ತನ್ನಿ. ಮಧ್ಯಾಹ್ನದ ಊಟಕ್ಕೆ ಏಳುವ ಮೊದಲು ಅದರ ಮೊದಲ ಹತ್ತು ಸಾಲು ಬರೆದು ಮುಗಿಸೋಣ.